ವಾಚ್ ತೆಗೆದುಕೋ ಮಗಳೇ, ಊಟ ಬಿಡಬೇಡ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ನನಗೆ ಸರಿ ಕಾಣಲಿಲ್ಲ. ಫೋನಿನಲ್ಲೇ ಉತ್ತರ ಕೊಟ್ಟರೆ "ಆಯ್ತಮ್ಮ, ಆಯ್ತು" ಅಂತ ಇಟ್ಟುಬಿಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಗೆಳತಿಯ ವಾಚ್ ಕಟ್ಟಿಕೊಂಡು ಕದ್ರಿ ಪಾರ್ಕ್ ಕಡೆ ಓಡಿದೆ, ಅದು 240 ಕ್ಯಾಲರಿ ತೋರಿಸಿತು, ಆ ಲೆಕ್ಕ ನೋಡಿ ರಾತ್ರಿ ಒಂದೇ ಚಪಾತಿ ತಿಂದು ಮಲಗಿದೆ ಅಂದೆ. ಮೊದಲ ಸಂಬಳದಲ್ಲಿ ಅಂಥದ್ದೇ ಒಂದು ತೆಗೆದುಕೊಳ್ಳಬೇಕು, ಯಾವುದು ಒಳ್ಳೇದು ಅಂತಲೂ ಕೇಳಿದೆ.

ವಾಚ್ ತೆಗೆದುಕೋ. ನಾನು ಬೇಡ ಅನ್ನುವುದಿಲ್ಲ. ಆದರೆ ಆ ಕ್ಯಾಲರಿ ವಿಷಯ ಮೊದಲು ಮಾತಾಡೋಣ.

ಆ 240 ಅನ್ನುವುದು ಅಳತೆ ಅಲ್ಲ, ಅಂದಾಜು. ನಿನ್ನ ಮೈಯಲ್ಲಿ ಎಷ್ಟು ಶಕ್ತಿ ಖರ್ಚಾಯಿತು ಎಂದು ನೋಡುವ ಯಾವ ಉಪಕರಣವೂ ಆ ವಾಚಿನೊಳಗೆ ಇಲ್ಲ. ವಯಸ್ಸು, ಎತ್ತರ, ತೂಕ ಎಷ್ಟು ಅಂತ ಮೊದಲೇ ಹಾಕಿರುತ್ತೀರಿ, ಅದಕ್ಕೆ ಕೈಯ ಅಲುಗಾಟ ಮತ್ತು ಎದೆಬಡಿತ ಸೇರಿಸಿ ಒಂದು ಸೂತ್ರದಿಂದ ಲೆಕ್ಕ ತೆಗೆಯುತ್ತದೆ. ಅದೂ ಗೆಳತಿಯ ವಾಚ್, ಅದರಲ್ಲಿರುವುದು ಅವಳ ತೂಕ, ಅವಳ ಎತ್ತರ! 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ವಾಚ್‌ಗಳನ್ನು 60 ಜನರ ಕೈಗೆ ಕಟ್ಟಿ, ನಡೆಸಿ, ಓಡಿಸಿ, ಸೈಕಲ್ ತುಳಿಸಿ ಪರೀಕ್ಷೆ ಮಾಡಿದರು. ಎದೆಬಡಿತದಲ್ಲಿ ಏಳರಲ್ಲಿ ಆರು ವಾಚ್‌ಗಳು ಶೇ. 5ಕ್ಕಿಂತ ಕಡಿಮೆ ತಪ್ಪು ತೋರಿಸಿದವು, ಅಂದರೆ ಚೆನ್ನಾಗಿಯೇ ಅಳೆದವು. ಕ್ಯಾಲರಿಯಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯ ವಾಚ್ ಕೂಡ ಸರಾಸರಿ ಶೇ. 27ರಷ್ಟು ತಪ್ಪಿತು, ಎಲ್ಲಕ್ಕಿಂತ ಕೆಟ್ಟದ್ದು ಶೇ. 93ರಷ್ಟು. ಅಷ್ಟು ಒಳ್ಳೆಯ ವಾಚೇ ಇಟ್ಟುಕೊಂಡರೂ ನಿನ್ನ 240 ನಿಜವಾಗಿ 180 ಇರಬಹುದು, 300 ಕೂಡ ಇರಬಹುದು. ಇಂಥ ಸಂಖ್ಯೆಯನ್ನು ನಂಬಿ ಹಸಿದುಕೊಂಡು ಮಲಗುವುದಾ? ಅದರ ಮೇಲೆ ಕೆಲವು ವಾಚ್‌ಗಳು ನೀನು ಸುಮ್ನೆ ಮಲಗಿದ್ದಾಗ ದೇಹ ಬಳಸುವ ಶಕ್ತಿಯನ್ನೂ ಸೇರಿಸಿ ದಿನದ ಒಟ್ಟು ತೋರಿಸುತ್ತವೆ, ಅದನ್ನು ನೋಡಿದವರು ಅಷ್ಟೂ ಓಡಿದ್ದರಿಂದಲೇ ಖರ್ಚಾಯಿತು ಅಂದುಕೊಳ್ಳುತ್ತಾರೆ.

ನಾನು ಇಷ್ಟು ವರ್ಷ ಉಡುಪಿಯಲ್ಲಿ ಶಾಲೆಯ ಹುಡುಗಿಯರನ್ನು ಓಡಿಸಿದವಳು. ಅಜ್ಜರಕಾಡು ಮೈದಾನದಲ್ಲಿ ಊಟ ಬಿಟ್ಟು ಓಡಲು ಬಂದ ಹುಡುಗಿಯರ ಮುಖ ದೂರದಿಂದಲೇ ಗೊತ್ತಾಗುತ್ತದೆ ನನಗೆ. ತುಟಿ ಒಣಗಿರುತ್ತದೆ, ಎರಡನೇ ಸುತ್ತಿಗೇ ಕಾಲು ಎಳೆಯುತ್ತಾರೆ, ಮುಟ್ಟು ತಪ್ಪಲು ಶುರುವಾಗಿರುತ್ತದೆ. ನೀನು ಆ ದಾರಿ ಹಿಡಿಯುವುದು ನನಗೆ ಬೇಡ. ಓಡಿದ ದಿನ ಜಾಸ್ತಿ ತಿನ್ನಬೇಕು, ಕಡಿಮೆ ಅಲ್ಲ. ಹೊಸ ವಾಚ್ ಬಂದ ದಿನವೇ ಆ ಕ್ಯಾಲರಿ ತೋರಿಸುವ ಪರದೆಯನ್ನು ಸೆಟ್ಟಿಂಗಿಗೆ ಹೋಗಿ ತೆಗೆದುಹಾಕು. ಹೆಚ್ಚಿನ ವಾಚ್‌ಗಳಲ್ಲಿ ಆಗುತ್ತದೆ. ಆಗದಿದ್ದರೆ ಮುಖದ ಡಿಸೈನ್ ಬದಲಿಸಿ ಬರೀ ಗಂಟೆ, ಬಡಿತ, ಹೆಜ್ಜೆ ಕಾಣುವ ಹಾಗೆ ಇಟ್ಟುಕೋ.

ಹಾಗಾದರೆ ಯಾವುದನ್ನು ನಂಬುವುದು? ಎದೆಬಡಿತವನ್ನು ಬಹಳ ಮಟ್ಟಿಗೆ ನಂಬಬಹುದು, ಸರಿಯಾಗಿ ಕಟ್ಟಿಕೊಂಡರೆ. ವಾಚಿನ ಅಡಿಯಲ್ಲಿ ಹಸಿರು ಬೆಳಕು ಮಿಣುಕುವುದನ್ನು ನೋಡಿದ್ದೀಯಲ್ಲ, ರಕ್ತ ಆ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನಲ್ಲಿ ರಕ್ತ ಸ್ವಲ್ಪ ಹೆಚ್ಚುತ್ತದೆ, ಆಗ ವಾಪಸ್ ಬರುವ ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಎಣಿಸುವುದೇ ಅದರ ಕೆಲಸ. ಬೆಲ್ಟ್ ಸಡಿಲ ಇದ್ದರೆ ಹೊರಗಿನ ಬೆಳಕು ನುಗ್ಗುತ್ತದೆ, ಓಡುವಾಗ ವಾಚ್ ಕುಣಿದರೆ ಅದು ನಿನ್ನ ಹೆಜ್ಜೆಯನ್ನೇ ಬಡಿತ ಅಂತ ಎಣಿಸಿದರೂ ಆಶ್ಚರ್ಯ ಇಲ್ಲ. ಮಣಿಕಟ್ಟಿನಲ್ಲಿ ಟ್ಯಾಟೂ ಇದ್ದರೆ ಅದರ ಬಣ್ಣ ಬೆಳಕನ್ನು ತಡೆಯುತ್ತದೆ. (ಟ್ಯಾಟೂ ಹಾಕಿಸುವ ಯೋಚನೆ ಇದ್ದರೆ ಎಡಗೈ ಬಿಡು!) ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ, ಅಲ್ಲಾಡದ ಹಾಗೆ ಕಟ್ಟು, ಓಟ ಮುಗಿದ ಮೇಲೆ ಸಡಿಲ ಮಾಡು.

ನಿನಗೊಂದು ಪರೀಕ್ಷೆ ಹೇಳುತ್ತೇನೆ. ಬೈರಾಸನ್ನು ಬಿಗಿಯಾಗಿ ಸುತ್ತಿ, ಅದಕ್ಕೆ ವಾಚ್ ಕಟ್ಟಿ ಮೇಜಿನ ಮೇಲೆ ಇಡು, ಬಡಿತ ಅಳೆಯಲು ಹೇಳು. ಕೆಲವು ವಾಚ್‌ಗಳು ಬಟ್ಟೆಗೂ ಒಂದು ಸಂಖ್ಯೆ ಕೊಡುತ್ತವೆ, ಯಾಕೆಂದರೆ ಬಟ್ಟೆಯಿಂದಲೂ ಬೆಳಕು ವಾಪಸ್ ಬರುತ್ತದಲ್ಲ, ಅದರಲ್ಲೇ ಏನೋ ಒಂದು ಏರಿಳಿತ ಹುಡುಕುತ್ತವೆ. ಸಂಖ್ಯೆ ಬಂದ ಮಾತ್ರಕ್ಕೆ ಅದು ನಿಜವಲ್ಲ ಅಂತ ಆಗ ಕಣ್ಣಾರೆ ಗೊತ್ತಾಗುತ್ತದೆ. ಆಮೇಲೆ ನಿನ್ನ ಕೈಗೆ ಕಟ್ಟಿಕೊಂಡು, ಇನ್ನೊಂದು ಕೈಯ ಹೆಬ್ಬೆರಳಿನ ಬುಡದ ಕೆಳಗೆ ತೋರುಬೆರಳು ಮತ್ತು ನಡುಬೆರಳು ಇಟ್ಟು ನಾಡಿ ಎಣಿಸು. ಎಣಿಸಲು ಹೆಬ್ಬೆರಳು ಬೇಡ, ಅದಕ್ಕೆ ತನ್ನದೇ ನಾಡಿ ಇರುತ್ತದೆ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸು. ವಾಚಿನ ಸಂಖ್ಯೆಗೂ ಇದಕ್ಕೂ ಮೂರು ನಾಲ್ಕು ಬಡಿತದ ವ್ಯತ್ಯಾಸ ಇದ್ದರೆ ಅಡ್ಡಿ ಇಲ್ಲ. ಕೂತಾಗ ಒಮ್ಮೆ, ಬಾವುಟಗುಡ್ಡ ಹತ್ತಿ ನಿಂತ ತಕ್ಷಣ ಒಮ್ಮೆ ನೋಡು. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಇದೆಲ್ಲ ಮಾಡಿ ಮುಗಿಸು, ಬಾಕ್ಸ್ ಮತ್ತು ಬಿಲ್ಲು ಎಸೆಯಬೇಡ.

ಬಡಿತದಲ್ಲಿ ದಿನಾ ನೋಡಲು ಯೋಗ್ಯವಾದದ್ದು ಒಂದೇ, ವಿಶ್ರಾಂತಿಯಲ್ಲಿ ಇರುವಾಗಿನ ಬಡಿತ. ದೊಡ್ಡವರಿಗೆ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಅನ್ನುತ್ತಾರೆ, ಚೆನ್ನಾಗಿ ತರಬೇತಿ ಆದ ಓಟಗಾರರಿಗೆ ಇನ್ನೂ ಕಡಿಮೆ ಇರುತ್ತದೆ. ಪಕ್ಕದವಳದ್ದು ಎಷ್ಟು ಅಂತ ನೋಡಬೇಡ, ನಿನ್ನದು ಸಾಮಾನ್ಯವಾಗಿ ಎಷ್ಟು ಅಂತ ತಿಳಿದುಕೋ. ಮುಟ್ಟು ಬರುವ ಮುಂಚಿನ ಕೆಲವು ದಿನ ಸ್ವಲ್ಪ ಏರುವುದುಂಟು, ಅದಕ್ಕೆ ಹೆದರಬೇಡ. ನಿದ್ದೆಗೆಟ್ಟರೆ, ನೀರು ಕಡಿಮೆ ಕುಡಿದರೆ, ಜ್ವರ ಬರುವ ಮುಂಚೆ ಕೂಡ ಏರುತ್ತದೆ. ಸ್ಟ್ಯಾನ್‌ಫರ್ಡಿನ ಮೈಕಲ್ ಸ್ನೈಡರ್ ಎಂಬ ವಿಜ್ಞಾನಿ ಇಂಥ ಉಪಕರಣಗಳನ್ನು ಮೈಗೆ ಕಟ್ಟಿಕೊಂಡೇ ಇರುತ್ತಿದ್ದರು. ಒಮ್ಮೆ ವಿಮಾನದಲ್ಲಿ ನಾರ್ವೆಗೆ ಹೋಗುವಾಗ ಬಡಿತ ಮತ್ತು ರಕ್ತದ ಆಮ್ಲಜನಕದ ಮಟ್ಟ ಎರಡೂ ಅವರ ಎಂದಿನ ಹಾಗೆ ಇಲ್ಲ ಅಂತ ಗಮನಿಸಿದರು, ಡಾಕ್ಟರ ಹತ್ತಿರ ಹೋದರು, ಕೊನೆಗೆ ಉಣ್ಣೆಹುಳದಿಂದ ಬರುವ ಲೈಮ್ ಕಾಯಿಲೆ ಅಂತ ಗೊತ್ತಾಯಿತು. ಅವರಿಗೆ ಉಪಯೋಗಕ್ಕೆ ಬಂದದ್ದು ತನ್ನ ಎಂದಿನ ಮಟ್ಟ ಎಷ್ಟು ಅನ್ನುವ ತಿಳುವಳಿಕೆ. ನಮ್ಮಲ್ಲಿ ಮಳೆಗಾಲ ಶುರುವಾದರೆ ಡೆಂಗಿ ಹೆದರಿಕೆ ಇದ್ದದ್ದೇ. ಎರಡು ದಿನ ಬಡಿತ ಮೇಲೆಯೇ ಇದ್ದು ಮೈಕೈ ನೋವು ಅಂತ ಅನಿಸಿದರೆ ಓಟ ನಿಲ್ಲಿಸು, ಜ್ವರ ಬಂದರೆ ಡಾಕ್ಟರಿಗೆ ತೋರಿಸು, ರಕ್ತ ಪರೀಕ್ಷೆ ಮಾಡಿಸು.

ಏಪ್ರಿಲ್ ಮೇ ತಿಂಗಳಲ್ಲಿ ಮಂಗಳೂರಿನ ಸೆಕೆಗೆ ಅದೇ ದಾರಿ ಅದೇ ವೇಗದಲ್ಲಿ ಓಡಿದರೂ ಬಡಿತ ಜಾಸ್ತಿ ಬರುತ್ತದೆ. ದೇಹ ತಣ್ಣಗಾಗಲು ಚರ್ಮಕ್ಕೆ ರಕ್ತ ಕಳಿಸಬೇಕಲ್ಲ, ಹೃದಯಕ್ಕೆ ಕೆಲಸ ಹೆಚ್ಚು. ನೀನು ಸೋತಿದ್ದೀಯ ಅಂತ ಅರ್ಥ ಅಲ್ಲ ಮಾರಾಯ್ತಿ, ನಿಧಾನ ಓಡು ಅಂತ ಅರ್ಥ.

ಇನ್ನು ಹೆಜ್ಜೆ. ದಿನಕ್ಕೆ 10,000 ಅಂತ ಎಲ್ಲರೂ ಹೇಳುತ್ತಾರೆ, ಆದರೆ ಆ ಸಂಖ್ಯೆ ಯಾವ ಡಾಕ್ಟರೂ ಅಳೆದು ಹೇಳಿದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಆದ ಮೇಲೆ, 1965ರಲ್ಲಿ, ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದಿತು, ಅದರ ಹೆಸರಿನಲ್ಲೇ ಹತ್ತು ಸಾವಿರ ಹೆಜ್ಜೆ ಇತ್ತು. ಅಲ್ಲಿಂದ ಬಂದದ್ದು ಇದು. 2019ರಲ್ಲಿ ಹಾರ್ವರ್ಡಿನ ಐ-ಮಿನ್ ಲೀ ಅವರ ತಂಡ ವಯಸ್ಸಾದ ಹೆಂಗಸರನ್ನು ಅಧ್ಯಯನ ಮಾಡಿದಾಗ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆಯುವವರಿಗೇ ಒಳ್ಳೆಯ ಲಾಭ ಕಂಡಿತು, 7,500ರ ಆಸುಪಾಸಿನಲ್ಲಿ ಆ ಲಾಭ ಹೆಚ್ಚುವುದು ನಿಂತಿತು. ಅವರು ಸರಾಸರಿ 72 ವರ್ಷದವರು, ನಿನಗೆ ಅದೇ ಲೆಕ್ಕ ಅಂತಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ 9,200 ಆಗಿದೆ ಅಂತ ಪಿ.ಜಿ. ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುವ ಅಗತ್ಯ ಇಲ್ಲ. ಮಲಗು.

ಎಣಿಕೆಯೂ ಪೂರ್ತಿ ಸರಿ ಇರುವುದಿಲ್ಲ. ವಾಚ್ ನೋಡುವುದು ಕೈಯ ಅಲುಗಾಟ, ಕಾಲನ್ನಲ್ಲ. ಮೊನ್ನೆ ಚಿಕ್ಕಮ್ಮ ತನ್ನ ವಾಚ್ ಕಟ್ಟಿಕೊಂಡೇ ತೆಂಗಿನಕಾಯಿ ತುರಿಯಲು ಕೂತಳು. ಒಂದು ಕಡಿ ಮುಗಿಯುವಷ್ಟರಲ್ಲಿ ಹೆಜ್ಜೆ ಏರಿತ್ತು, ಅವಳು ಮಣೆಯಿಂದ ಎದ್ದೇ ಇರಲಿಲ್ಲ. ಅದೇ ಮಲ್ಪೆಯಲ್ಲಿ ತಲೆ ಮೇಲೆ ಮೀನಿನ ಬುಟ್ಟಿ ಹೊತ್ತು, ಎರಡೂ ಕೈಯಲ್ಲಿ ಹಿಡಿದು ನಡೆಯುವ ಹೆಂಗಸಿಗೆ ಈ ವಾಚ್ ಕಟ್ಟಿದರೆ ಇಟ್ಟ ಹೆಜ್ಜೆಗಳಲ್ಲಿ ಅರ್ಧವೂ ಲೆಕ್ಕಕ್ಕೆ ಬರಲಿಕ್ಕಿಲ್ಲ, ಕೈ ಬೀಸುವುದಿಲ್ಲವಲ್ಲ. ನಿನ್ನ ಸಿಟಿ ಬಸ್ಸಿನ ಕುಲುಕಾಟವೂ ಒಂದಷ್ಟು ಸೇರುತ್ತದೆ. ಇದಕ್ಕಿಂತ ನಿಮಿಷದ ಲೆಕ್ಕ ಒಳ್ಳೇದು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ವ್ಯಾಯಾಮ ಮತ್ತು ಎರಡು ದಿನ ಸ್ನಾಯು ಗಟ್ಟಿ ಮಾಡುವ ಕಸರತ್ತು ಸಾಕು ಅನ್ನುತ್ತದೆ. ಮಧ್ಯಮ ಅಂದರೆ ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದಕ್ಕೆ ವಾಚೂ ಬೇಡ.

ಕೊಳ್ಳುವ ವಿಷಯಕ್ಕೆ ಬರುತ್ತೇನೆ. ನಿನಗೆ ಎರಡು ಮೂರು ಸಾವಿರದ ಸಪೂರ ಬ್ಯಾಂಡ್ ಸಾಕು ಅಂತ ನನ್ನ ಅಭಿಪ್ರಾಯ. ಓಡಿದ ದೂರ ಸರಿಯಾಗಿ ಬೇಕಾದರೆ ಜಿಪಿಎಸ್ ಬೇಕು, ಆದರೆ ಅಗ್ಗದವುಗಳಲ್ಲಿ ಜಿಪಿಎಸ್ ಅಂತ ಬರೆದಿದ್ದರೂ ಹಲವು ಸಲ ಅದು ಫೋನಿನ ಜಿಪಿಎಸ್ ಬಳಸುವಂಥದ್ದು, ಫೋನ್ ಹಿಡಿದೇ ಓಡಬೇಕು. ನೀನು ಹೇಗೂ ಫೋನ್ ಇಲ್ಲದೆ ಹೊರಗೆ ಹೋಗಬಾರದು, ಹಾಗಾಗಿ ಅಷ್ಟು ಸಾಕು. ಬ್ಯಾಟರಿ ವಾರ ಬರುವಂಥದ್ದು ನೋಡು. ದಿನಾ ಚಾರ್ಜಿಗೆ ಹಾಕಬೇಕಾದ ವಾಚ್ ಎರಡು ತಿಂಗಳಲ್ಲಿ ಡ್ರಾಯರ್ ಸೇರುತ್ತದೆ.

ನೀರಿನ ಬಗ್ಗೆ ಒಂದು ವಿಷಯ ಗಮನ ಇರಲಿ. ವಾಚಿನ ಮೇಲೆ 5 ಎಟಿಎಂ ಅಂತ ಬರೆದಿದ್ದರೆ ಅಲ್ಲಾಡದ ನೀರಿನಲ್ಲಿ 50 ಮೀಟರ್ ಆಳದಷ್ಟು ಒತ್ತಡ ತಡೆಯುತ್ತದೆ ಅಂತ. ಸೋಪು, ಬಿಸಿನೀರಿನ ಹಬೆ ಅದರಲ್ಲಿ ಸೇರಿಲ್ಲ, ಸ್ನಾನಕ್ಕೆ ತೆಗೆದಿಡು. ಪಣಂಬೂರಿಗೋ ತಣ್ಣೀರುಬಾವಿಗೋ ಹೋಗಿ ಉಪ್ಪುನೀರು ತಾಗಿದರೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆ. ಮಳೆಯಲ್ಲಿ ಟಚ್ ಸ್ಕ್ರೀನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ನೀರಿನ ಹನಿಯನ್ನೇ ಬೆರಳು ಅಂದುಕೊಳ್ಳುತ್ತದೆ, ಅದಕ್ಕೆ ಬದಿಯಲ್ಲಿ ಒಂದು ಬಟನ್ ಇರುವುದು ಸಿಕ್ಕಿದರೆ ಒಳ್ಳೇದು.

ಬೆಲ್ಟ್ ಮಾತ್ರ ಸಿಲಿಕೋನಿನದ್ದೇ ಇರಲಿ. ಬಟ್ಟೆಯದ್ದು ಜೂನ್ ಜುಲೈಯಲ್ಲಿ ಒಣಗುವುದೇ ಇಲ್ಲ, ವಾಸನೆ ಬರುತ್ತದೆ. ಸಿಲಿಕೋನ್ ಅಡಿಯಲ್ಲೂ ಬೆವರು ನಿಂತು ಕಜ್ಜಿ ಏಳುವುದುಂಟು, ನಿನ್ನ ಚರ್ಮ ಮೊದಲೇ ಸೂಕ್ಷ್ಮ. 2014ರಲ್ಲಿ ಫಿಟ್‌ಬಿಟ್ ಕಂಪನಿ ಚರ್ಮ ಕೆರೆತದ ದೂರುಗಳಿಂದಾಗಿ ತನ್ನ ಒಂದು ಮಾದರಿಯನ್ನೇ ವಾಪಸ್ ಪಡೆಯಬೇಕಾಯಿತು. ದಿನಾ ಒಂದೆರಡು ಗಂಟೆ ಕೈ ಖಾಲಿ ಬಿಡು, ಬೆಲ್ಟ್ ತೊಳೆದು ಒರಸಿ ಕಟ್ಟು, ಕೆಂಪಾದರೆ ವಾಸಿಯಾಗುವ ತನಕ ಕಟ್ಟಲೇಬೇಡ.

ನಿದ್ದೆಯ ಸ್ಕೋರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಷ್ಟು ಹೊತ್ತಿಗೆ ಮಲಗಿದೆ, ಎದ್ದೆ ಅನ್ನುವುದು ಸುಮಾರಾಗಿ ಸರಿ ಬರುತ್ತದೆ. ಗಾಢ ನಿದ್ದೆ ಇಷ್ಟು, ಕನಸಿನ ನಿದ್ದೆ ಇಷ್ಟು ಅನ್ನುವುದು ಊಹೆ, ಅದನ್ನು ಸರಿಯಾಗಿ ಅಳೆಯಲು ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ನೋಡಬೇಕು. ಎದ್ದಾಗ ಹಗುರ ಅನಿಸಿದರೆ ನಿದ್ದೆ ಸರಿಯಾಗಿದೆ, ಸ್ಕೋರ್ 58 ಅಂದರೂ.

ಒಂದು ವಿಷಯದಲ್ಲಿ ನನಗೆ ನಿಜವಾಗಿ ಹೆದರಿಕೆ. ನೀನು ಬೆಳಕು ಹರಿಯುವ ಮುಂಚೆ ಓಡುವವಳು. ಆ ಆ್ಯಪ್‌ಗಳಲ್ಲಿ ಓಡಿದ ದಾರಿಯ ನಕ್ಷೆ ಹಾಕುತ್ತೀರಲ್ಲ, ಅದು ಎಲ್ಲಿಂದ ಶುರು, ಎಲ್ಲಿ ಮುಕ್ತಾಯ, ಎಷ್ಟು ಗಂಟೆಗೆ ಅಂತ ಎಲ್ಲ ಹೇಳುತ್ತದೆ. ಅಂದರೆ ನಿನ್ನ ಪಿ.ಜಿ. ಗೇಟು. 2018ರ ಜನವರಿಯಲ್ಲಿ ಸ್ಟ್ರಾವಾ ಆ್ಯಪಿನ ಓಟದ ನಕ್ಷೆಯಿಂದ ಬೇರೆ ಬೇರೆ ದೇಶಗಳ ಸೈನಿಕ ನೆಲೆಗಳೇ ಬಯಲಾದವು, ಸೈನಿಕರು ಓಡಿದ ಗೆರೆಗಳು ನಕ್ಷೆಯಲ್ಲಿ ಹೊಳೆಯುತ್ತಿದ್ದವು. ಸೈನ್ಯದ್ದೇ ಹೀಗಾದರೆ ನಮ್ಮದೇನು? ಮೊದಲ ದಿನವೇ ನಿನ್ನ ಓಟಗಳನ್ನು ನಿನಗೆ ಮಾತ್ರ ಕಾಣುವ ಹಾಗೆ ಮಾಡು, ಶುರು ಮತ್ತು ಕೊನೆಯ ಜಾಗ ಮುಚ್ಚುವ ಸೆಟ್ಟಿಂಗ್ ಉಂಟು, ಅದನ್ನೂ ಹಾಕು. ವಾರದಲ್ಲಿ ಒಂದೆರಡು ಸಲ ದಾರಿ ಬದಲಿಸು.

ಅಜ್ಜಿಗೂ ಬಿಪಿ, ಶುಗರ್ ಎರಡೂ ತೋರಿಸುವ ವಾಚ್ ಒಂದು ತರ್ತೇನೆ ಅಂತ ನೀನು ಅಂದಿದ್ದೆ. ಅದು ಬೇಡ. ಸೂಜಿ ಚುಚ್ಚದೆ ಶುಗರ್ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿದೆ. ಅಜ್ಜಿ ಆ ಸಂಖ್ಯೆ ನೋಡಿ ಮಾತ್ರೆ ಬಿಟ್ಟರೆ ಏನು ಮಾಡುವುದು? ತರಲೇಬೇಕು ಅನಿಸಿದರೆ ತೋಳಿಗೆ ಕಟ್ಟುವ ಬಿಪಿ ಮೆಷಿನ್ ತಾ. ಪಟ್ಟಿ ದೊಡ್ಡ ಸೈಜಿನದ್ದು ಕೇಳಿ ತಾ, ಅವರ ತೋಳು ದಪ್ಪ, ಸಣ್ಣ ಪಟ್ಟಿ ಕಟ್ಟಿದರೆ ಇರುವುದಕ್ಕಿಂತ ಜಾಸ್ತಿ ಬಿಪಿ ತೋರಿಸುತ್ತದೆ. ಹಣ ಸಾಲದಿದ್ದರೆ ಹೇಳು, ಅರ್ಧ ನಾನು ಹಾಕುತ್ತೇನೆ.

ನಿನ್ನ ಅಮ್ಮ