ಸೆಕೆಗಿಂತ ಮೊದಲೇ ಬರುವ ಬಿಸಿಲು

ಧಾರವಾಡ
ಫಾಲ್ಗುಣ ಶುದ್ಧ ದಶಮಿ

ಪ್ರೀತಿಯ ಮಗಳೇ,

ಮೊನ್ನೆ ನೀನು ಕಳುಹಿಸಿದ ಫೋಟೊದಲ್ಲಿ ಮೂಗಿನ ಎರಡೂ ಬದಿ ಸಿಪ್ಪೆ ಎದ್ದಿರುವುದನ್ನೂ ಕೆನ್ನೆಯ ಮೇಲ್ಭಾಗ ಕಪ್ಪಾಗಿರುವುದನ್ನೂ ನೋಡಿದೆ. ಚಳಿ ಹೋಯಿತೆಂದು ಕ್ರೀಮು ಬಿಟ್ಟೆನೆಂದೂ, ಬೆಂಗಳೂರಿನಲ್ಲಿ ಇನ್ನೂ ಸೆಕೆಯಿಲ್ಲದ್ದರಿಂದ ಸನ್‌ಸ್ಕ್ರೀನ್ ಸದ್ಯಕ್ಕೆ ಬೇಡವೆಂದೂ ಬರೆದಿದ್ದೀಯೆ. ಎಡವಿದ್ದು ಈ ಎರಡು ಕಡೆಯಲ್ಲೇ.

ಹೊಂಗೆ ಚಿಗುರುವ ಕಾಲವೆಂದು ವಸಂತವನ್ನು ಎಷ್ಟು ಕೊಂಡಾಡಿದರೂ, ನಮ್ಮ ಸೀಮೆಯಲ್ಲಿ ಮಾರ್ಚ್‌ನ ಗಾಳಿ ಡಿಸೆಂಬರಿನ ಗಾಳಿಗಿಂತ ಒಣಗಿರುತ್ತದೆ. ಹಣೆ, ಮೂಗು ಜಿಡ್ಡಾಗಿ ಕಂಡರೂ ಕೆನ್ನೆ ತೇವವಿಲ್ಲದೆ ಬಿಗಿಯುತ್ತಿರುತ್ತದೆ. ಜಿಡ್ಡು ಬೇರೆ, ತೇವ ಬೇರೆ. ಆದ್ದರಿಂದ ಕ್ರೀಮನ್ನು ಬಿಡುವುದಲ್ಲ, ಬದಲಿಸಬೇಕು. ಚಳಿಗಾಲದ ಗಟ್ಟಿ ಕ್ರೀಮನ್ನು ಹಿಮ್ಮಡಿಗೂ ಮೊಣಕೈಗೂ ಇಟ್ಟುಕೊಂಡು, ಮುಖಕ್ಕೆ ಗ್ಲಿಸರಿನ್ ಇರುವ ತೆಳುವಾದ ಲೋಷನ್ನನ್ನು, ಮುಖ ತೊಳೆದು ನೀರಿನ ಪಸೆ ಆರುವ ಮೊದಲೇ ಹಚ್ಚು. ಸಿಪ್ಪೆ ಎದ್ದಿರುವಾಗ ಸ್ಕ್ರಬ್ ಮುಟ್ಟಬೇಡ.

ಬಿಸಿಲಿನ ವಿಷಯ ಇದಕ್ಕಿಂತ ದೊಡ್ಡದು. ಚರ್ಮವನ್ನು ಕಪ್ಪಾಗಿಸುವ ನೇರಳಾತೀತ ಕಿರಣ ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯಾಗಿಯೂ ತಟ್ಟುವುದಿಲ್ಲ. ನಿನ್ನ ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ನೆರಳಿಗೆ ಬಂದೊಡನೆ ತಂಪೆನಿಸುತ್ತದೆ. ಆದರೆ ಸೂರ್ಯ ದಿನದಿನಕ್ಕೂ ನೆತ್ತಿಯತ್ತ ಏರುತ್ತಿದ್ದಾನೆ. ಏಪ್ರಿಲ್ 24ರ ಸುಮಾರಿಗೆ ನಡುಮಧ್ಯಾಹ್ನ ಅಲ್ಲಿ ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಸೆಕೆಯಾಗಲೆಂದು ಕಾದರೆ ಅಷ್ಟರಲ್ಲಿ ಕೆನ್ನೆ ಸುಟ್ಟಿರುತ್ತದೆ.

ಎಸ್‌ಪಿಎಫ್, ಅಂದರೆ ಬಿಸಿಲಿನಿಂದ ಕಾಯುವ ಅಳತೆಯ, ಸಂಖ್ಯೆ ದೊಡ್ಡದಿರುವ ಸನ್‌ಸ್ಕ್ರೀನ್‌ಗೆ ಹಣ ಸುರಿಯುವ ಅಗತ್ಯವಿಲ್ಲ. ಎಸ್‌ಪಿಎಫ್ 30 ಇರುವುದು ಚರ್ಮ ಸುಡುವ ಕಿರಣಗಳಲ್ಲಿ ಸುಮಾರು ಶೇ 97ರಷ್ಟನ್ನು ತಡೆದರೆ, 50 ಇರುವುದು ಶೇ 98ರಷ್ಟನ್ನು ತಡೆಯುತ್ತದೆ. ಮುಖ್ಯವಾದದ್ದು ಪ್ರಮಾಣ: ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎಳೆದಷ್ಟು ಮುಖಕ್ಕೂ ಕತ್ತಿಗೂ ಬೇಕು. ಕಿವಿಯನ್ನು ಮರೆಯಬೇಡ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಸ್ಕೂಟರಿನಲ್ಲಿ ಹೋಗುವಾಗ ಮಾತ್ರ ತುಂಬುತೋಳಿನ ಹತ್ತಿ ಅಂಗಿಯೇ ಮೇಲು.

ಕಪ್ಪು ಹೋಗಲೆಂದು ಲಿಂಬೆರಸ ತಿಕ್ಕುವ ಯೋಚನೆಯಿದ್ದರೆ ನನ್ನ ಕಥೆ ಕೇಳು. ನಿನ್ನ ವಯಸ್ಸಿನಲ್ಲಿ ನಾನೂ ಹಾಗೆಯೇ ತಿಕ್ಕಿಕೊಂಡು, ಹಪ್ಪಳ ಒಣಗಿಸಲು ಮಾಳಿಗೆ ಹತ್ತಿ ಎರಡು ತಾಸು ಕುಳಿತಿದ್ದೆ. ಲಿಂಬೆಯಲ್ಲಿರುವ ಅಂಶ ಬಿಸಿಲಿಗೆ ಸಿಕ್ಕರೆ ಚರ್ಮವನ್ನು ಸುಡುತ್ತದೆಂದು ಆಗ ಯಾರೂ ಹೇಳಲಿಲ್ಲ. ರಸ ಹರಿದ ದಾರಿಯಲ್ಲೇ, ಕೆನ್ನೆಯಿಂದ ಗದ್ದದವರೆಗೆ, ಒಂದು ಕಂದು ಗೆರೆ ಎದ್ದು ತಿಂಗಳುಗಟ್ಟಲೆ ಉಳಿಯಿತು. ನಿಮ್ಮಪ್ಪ ಮೊದಲ ಬಾರಿ ನನ್ನನ್ನು ನೋಡಿದ್ದು ಆ ಗೆರೆಯೊಂದಿಗೇ. ಅಂಗಡಿಯವರು ಬೆಳ್ಳಗಾಗಲೆಂದು ಕೊಡುವ ಕ್ರೀಮುಗಳನ್ನಂತೂ ಮುಟ್ಟಲೇಬೇಡ. ಕೆಲವುಗಳಲ್ಲಿರುವ ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸಿ ಬಿಡುತ್ತದೆ. ಕಲೆ ಮಾಸದಿದ್ದರೆ ಚರ್ಮದ ವೈದ್ಯರಿಗೇ ತೋರಿಸು.

ಇನ್ನೈದು ದಿನಕ್ಕೆ ಹೋಳಿ ಹುಣ್ಣಿಮೆ. ಸಿಪ್ಪೆ ಎದ್ದ ಮುಖಕ್ಕೆ ಈ ವರ್ಷ ಬಣ್ಣ ಬೇಡ. ಯುಗಾದಿಯ ಎಣ್ಣೆಸ್ನಾನಕ್ಕೆ ಹೆಸರುಹಿಟ್ಟು ಬೀಸಿಡುತ್ತೇನೆ; ಮೊಡವೆಯ ಮುಖವಾದ್ದರಿಂದ ಎಣ್ಣೆಯನ್ನು ತಲೆಗೂ ಮೈಗೂ ಮಾತ್ರ ಹಚ್ಚುತ್ತೇನೆ, ಅಜ್ಜಿ ಗೊಣಗಿದರೂ ಸರಿಯೇ.

ಇಂತಿ,
ನಿನ್ನ ಅಮ್ಮ