ಟಿವಿ ಗೊಂಬೆಗಳಿಗೂ ಒಂದು ಜಾಗ ಕೊಡಿ

ಮಾನ್ಯ ಸಂಪಾದಕರೇ,

ದೂರದರ್ಶನ ಒಂದೇ ಇದ್ದ ಕಾಲದಲ್ಲಿ ಬೆಳೆದ ಯಾರನ್ನಾದರೂ ಕೇಳಿ ನೋಡಿ, ಲಿಜ್ಜತ್ ಪಾಪಡ್ ಜಾಹೀರಾತಿನ ಮೊಲ ನೆನಪಿದೆಯಾ ಅಂತ. 'ಕರ್ರಂ ಕುರ್ರಂ' ಅಂತ ಹಾಡಿಯೇ ತೋರಿಸುತ್ತಾರೆ. ನಮ್ಮ ಮನೆಯಲ್ಲಿ ಯಾರಿಗೂ ಹಿಂದಿ ಬರುತ್ತಿರಲಿಲ್ಲ. ಆದರೂ ಆ ಮೊಲ ನಗೋಕೆ ಶುರು ಮಾಡಿದರೆ ಅಡುಗೆಮನೆಯಲ್ಲಿದ್ದವರೂ ಕೈ ಒರೆಸಿಕೊಂಡು ಹೊರಗೆ ಬರುತ್ತಿದ್ದರು.

ಅದು ಮುಂಬೈಯ ಮಾತನಾಡುವ ಗೊಂಬೆ ಕಲಾವಿದ ರಾಮದಾಸ್ ಪಾಧ್ಯೆ ಅವರ ಗೊಂಬೆ. ಅವರ ತಂದೆ ವೈ.ಕೆ. ಪಾಧ್ಯೆ ಆಡಿಸುತ್ತಿದ್ದ ಅರ್ಧವಟರಾವ್ ಗೊಂಬೆಗೆ ಈಗ ನೂರು ವರ್ಷ ದಾಟಿದೆ. ರಾಮದಾಸ್ ಅವರ ಮಗ ಸತ್ಯಜಿತ್ ಕೂಡ ಇದೇ ಕಲೆಯಲ್ಲಿದ್ದಾರೆ. ಒಂದು ಕುಟುಂಬ ಮೂರು ತಲೆಮಾರು ಗೊಂಬೆಗಳನ್ನು ಮಕ್ಕಳ ಹಾಗೆ ಸಾಕಿಕೊಂಡು ಬಂದಿದೆ, ಹಾಗಾಗಿ ಅವು ಉಳಿದಿವೆ.

ನಮ್ಮ ಕನ್ನಡದ ಮಟ್ಟಿಗೆ ಹೇಳುವುದಾದರೆ ಇಂದುಶ್ರೀ ಮತ್ತು ಅವರ ಡಿಂಕು. ಮಾತನಾಡುವ ಗೊಂಬೆ ಅಂದರೆ ನಮಗೆ ಡಿಂಕುವೇ. ತುಟಿ ಅಲುಗಿಸದೆ ಗೊಂಬೆಗೆ ತಾವೇ ದನಿ ಕೊಡುವುದು ಎಂಥ ಕಷ್ಟದ ಕಲೆ ಅಂತ ಆಗ ಗೊತ್ತಾಗಲಿಲ್ಲ, ನಮ್ಮ ಕಣ್ಣೆಲ್ಲ ಗೊಂಬೆಯ ಮೇಲೇ ಇರುತ್ತಿತ್ತು. ಪ, ಬ, ಮ ಅನ್ನಬೇಕಾದರೆ ತುಟಿ ಮುಚ್ಚಲೇಬೇಕು, ಒಮ್ಮೆ ಕನ್ನಡಿ ಮುಂದೆ ಪ್ರಯತ್ನಿಸಿ ನೋಡಿ. ತುಟಿ ಅಲುಗಿಸದೆ ಗೊಂಬೆಯ ಬಾಯಲ್ಲಿ 'ಅಮ್ಮ' ಅನ್ನಿಸಬೇಕು ಅಂದರೆ ನಾಲಗೆಯಿಂದಲೇ ಅದಕ್ಕೆ ಹತ್ತಿರದ ಇನ್ನೊಂದು ಸದ್ದು ಹೊರಡಿಸಿ, ನಮ್ಮ ಕಿವಿಗೆ ಅದು 'ಮ' ಅಂತಲೇ ಕೇಳುವ ಹಾಗೆ ಮಾಡಬೇಕು, ಅದೇ ಹೊತ್ತಿಗೆ ಕೈ ಗೊಂಬೆಯ ಬಾಯಿ ತೆರೆಯಬೇಕು, ಮುಖ ಮಾತ್ರ ಏನೂ ಗೊತ್ತಿಲ್ಲದವರಂತೆ ಗೊಂಬೆಯ ಮಾತು ಕೇಳಿಸಿಕೊಳ್ಳುತ್ತಿರಬೇಕು. ಇದನ್ನು ಮಕ್ಕಳ ಕಾರ್ಯಕ್ರಮ ಅಂತ ಸುಮ್ನೆ ಬದಿಗೆ ಸರಿಸಿಬಿಡುತ್ತೇವೆ, ಅದೇ ನನಗೆ ಬೇಜಾರು.

ನನಗಿಂತ ಚಿಕ್ಕವರಿಗೆ 2006ರಲ್ಲಿ ಶುರುವಾದ ಗಲ್ಲಿ ಗಲ್ಲಿ ಸಿಮ್ ಸಿಮ್ ಅನ್ನುವ ಟಿವಿ ಕಾರ್ಯಕ್ರಮ ಇಷ್ಟ. ಅದರ ಗೊಂಬೆಗಳು ಚಮ್ಕಿ, ಗೂಗ್ಲಿ, ಬೂಂಬಾ, ಆಂಚೂ. ಎರಡು ಜಡೆ ಹಾಕಿಕೊಂಡು ಸ್ಕೂಲ್ ಯೂನಿಫಾರ್ಮ್‌ನಲ್ಲಿ ಬರುತ್ತಿದ್ದ ಚಮ್ಕಿಯನ್ನು ನೋಡಿದ ಹುಡುಗಿಯರೆಲ್ಲ ಈಗ ಕೆಲಸಕ್ಕೆ ಹೋಗುತ್ತಿದ್ದಾರೆ.

ನಾನು ಈ ಪತ್ರ ಬರೆಯುತ್ತಿರುವುದು ಬರೀ ನೆನಪು ಹಂಚಿಕೊಳ್ಳೋಕಲ್ಲ. ತೊಗಲುಗೊಂಬೆಗೆ, ಸೂತ್ರದ ಗೊಂಬೆಗೆ ಕಡಿಮೆಯೋ ಜಾಸ್ತಿಯೋ ಒಂದು ಗೌರವ ಇದೆ. ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟ ಹೊರದೇಶಗಳಿಗೂ ಹೋಗಿ ಬಂದಿದೆ. ತುಂಬಾ ಖುಷಿಯ ವಿಷಯ. ಸಿನಿಮಾ ರೀಲುಗಳನ್ನು ಕಾಪಾಡೋಕೆ ಪುಣೆಯಲ್ಲಿ 1964ರಲ್ಲೇ ಫಿಲ್ಮ್ ಆರ್ಕೈವ್ ಆಯಿತು. ಟಿವಿ ಗೊಂಬೆ ಮಾತ್ರ ಜಾನಪದಕ್ಕೂ ಸೇರಲಿಲ್ಲ, ಸಿನಿಮಾಕ್ಕೂ ಸೇರಲಿಲ್ಲ. ಅದನ್ನು ಉಳಿಸುವುದು ತಮ್ಮ ಕೆಲಸ ಅಂತ ಯಾರಿಗೂ ಅನ್ನಿಸಿಲ್ಲ.

ಇದರಲ್ಲಿ ಸಮಯದ ಪ್ರಶ್ನೆಯೂ ಇದೆ. ಈ ಗೊಂಬೆಗಳಲ್ಲಿ ಬಳಸುವ ಫೋಮ್ ನಮ್ಮ ಸೆಕೆಗೆ, ತೇವಕ್ಕೆ ಕೆಲವು ದಶಕಗಳಲ್ಲಿ ಪುಡಿಪುಡಿಯಾಗುತ್ತದೆ. ವಿಡಿಯೋ ಟೇಪಿನ ಕಥೆಯೂ ಅಷ್ಟೇ, ಬೂಸ್ಟು ಹಿಡಿದು ಅಂಟಿಕೊಳ್ಳುತ್ತದೆ. ಟೇಪ್ ದುಬಾರಿ ಅಂತ ಆಗ ಹಳೆಯ ಕಾರ್ಯಕ್ರಮದ ಮೇಲೆಯೇ ಹೊಸದನ್ನು ರೆಕಾರ್ಡ್ ಮಾಡುವುದೂ ಇತ್ತು.

ಅಮೆರಿಕದಲ್ಲಿ ಟಿವಿ ಗೊಂಬೆ ಕಲಾವಿದ ಜಿಮ್ ಹೆನ್ಸನ್ 1955ರಲ್ಲಿ ತನ್ನ ಅಮ್ಮನ ಹಳೇ ಕೋಟಿನ ಬಟ್ಟೆ ಕತ್ತರಿಸಿ, ಪಿಂಗ್‌ಪಾಂಗ್ ಚೆಂಡಿನ ಎರಡು ಹೋಳನ್ನು ಕಣ್ಣಾಗಿ ಹಚ್ಚಿ ಮುಂದೆ ಕಪ್ಪೆ ಅಂತ ಹೆಸರಾದ ಕರ್ಮಿಟ್ ಗೊಂಬೆ ಮಾಡಿದರು. ಆ ಮೊದಲ ಕರ್ಮಿಟ್ 2010ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರಿತು. ದೇಶದ ಇತಿಹಾಸದ ಜೊತೆಗೆ ಒಂದು ಬಟ್ಟೆ ಕಪ್ಪೆಗೂ ಜಾಗ ಸಿಕ್ಕಿತು. ನಮ್ಮ ಗೊಂಬೆಗಳು ಅದಕ್ಕಿಂತ ಯಾವುದರಲ್ಲಿ ಕಡಿಮೆ?

ಬೆಂಗಳೂರು ದೂರದರ್ಶನದವರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಬಳಿ ಇರುವ ಗೊಂಬೆ ಕಾರ್ಯಕ್ರಮಗಳ ಟೇಪುಗಳನ್ನು ಹುಡುಕಿಸಿ, ಡಿಜಿಟಲ್ ಮಾಡಿಸಿ, ಚಂದನದಲ್ಲಿ ಭಾನುವಾರ ಬೆಳಗ್ಗೆ ಅರ್ಧ ಗಂಟೆ ಹಾಕಿ. ಗೊಂಬೆ ಆಡಿಸಿದವರು, ದನಿ ಕೊಟ್ಟವರು, ಹೊಲಿದವರು ಯಾರು ಅಂತ ಹೆಸರು ಹಾಕಿ. ಸಂಸ್ಕೃತಿ ಇಲಾಖೆಯವರು ಈ ಕಲಾವಿದರನ್ನು ಕೂರಿಸಿ ಮಾತನಾಡಿಸಿ ರೆಕಾರ್ಡ್ ಮಾಡಿಕೊಳ್ಳಲಿ, ಕಲಾವಿದರು ಒಪ್ಪಿದರೆ ಒಂದೆರಡು ಗೊಂಬೆಗಳನ್ನು ಮ್ಯೂಸಿಯಂನಲ್ಲಿ ಸರಿಯಾದ ಗಾಜಿನ ಪೆಟ್ಟಿಗೆಯಲ್ಲಿ ಇಡಲಿ. ಓದುಗರ ಮನೆಯ ಅಟ್ಟದಲ್ಲಿ ಆ ಕಾಲದ ಕಾರ್ಯಕ್ರಮ ರೆಕಾರ್ಡ್ ಮಾಡಿಟ್ಟ ವಿಎಚ್‌ಎಸ್ ಕ್ಯಾಸೆಟ್ ಇದ್ದರೆ ದಯವಿಟ್ಟು ಎಸೆಯಬೇಡಿ.

– ಒಬ್ಬ ಓದುಗಳು, ಶಿವಮೊಗ್ಗ