ಬಚ್ಚಲ ಒಲೆಯ ವಾಸನೆಯ ಬಿಯರ್

ಬಾಂಬೆರ್ಗ್, ಜರ್ಮನಿ
ನವೆಂಬರ್ 16

ಪ್ರೀತಿಯ ಅಪ್ಪ, ಅಮ್ಮನಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಚೆನ್ನಾಗಿದ್ದೇನೆ. ಚಳಿ ಜೋರಾಗಿದೆ. ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ಅಲ್ಲಿ ಕೊನೆ ಕೊಯ್ಲು ಶುರುವಾಗಿರಬೇಕು. ಅಡಿಕೆ ಸುಲಿಯಲು ಜನ ಸಿಕ್ಕಿದರಾ?

ಮೊನ್ನೆ ಅಣ್ಣ ಫೋನ್ ಮಾಡಿದಾಗ, ಬಚ್ಚಲ ಒಲೆ ಒಡೆದು ಸೋಲಾರ್ ಹಾಕಿಸುವ ಮಾತು ಹೇಳಿದ. ಆಗ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವೂ ಅಲ್ಲ. ಅದಕ್ಕೇ ಈ ಪತ್ರ. ಮಾತು ಸ್ವಲ್ಪ ಸುತ್ತಿ ಬರುತ್ತದೆ, ಒಂದು ಬಿಯರ್‌ನಿಂದ ಶುರು ಮಾಡಬೇಕು. ಅಮ್ಮ, ಬೇಜಾರು ಮಾಡ್ಕೋಬೇಡ. ತಿಂಗಳಿಗೆ ಒಂದೋ ಎರಡೋ ಸಲ, ಒಂದೊಂದು ಲೋಟ. ಅಷ್ಟೇ. ನಿನ್ನಿಂದ ಮುಚ್ಚಿಡಲು ನನಗೆ ಮನಸ್ಸಿಲ್ಲ.

ಈ ಊರು ಚಿಕ್ಕದು. ಹಳೇ ಪೇಟೆಯನ್ನು 1993ರಲ್ಲಿ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ರೆಗ್ನಿಟ್ಸ್ ಎಂಬ ಹೊಳೆ ಊರ ನಡುವೆ ಹರಿಯುತ್ತದೆ. ಹಳೆಯ ಪುರಭವನವನ್ನು ಹೊಳೆಯ ಮಧ್ಯದಲ್ಲೇ ಕಟ್ಟಿದ್ದಾರೆ! ಗುಡ್ಡದ ಮೇಲೆ ದೊಡ್ಡ ಚರ್ಚು. ಅದರ ಕೆಳಗಿನ ಕಿರಿದಾದ ಬೀದಿಯಲ್ಲಿ ಶ್ಲೆಂಕೆರ್ಲಾ ಎಂಬ ಬ್ರೂವರಿಯ ಹೋಟೆಲಿದೆ. ಆ ಮನೆಯ ಉಲ್ಲೇಖ ದಾಖಲೆಯಲ್ಲಿ ಮೊದಲು ಸಿಗುವುದು 1405ರಲ್ಲಿ. ಹಿಂದೆ ಬಿಯರ್ ಮಾಡುತ್ತಿದ್ದ ಒಬ್ಬ ಯಜಮಾನರು ಕೈ ಬೀಸಿಕೊಂಡು ಓಲಾಡುತ್ತಾ ನಡೆಯುತ್ತಿದ್ದರಂತೆ. ಇಲ್ಲಿಯ ಜನರ ಮಾತಿನಲ್ಲಿ ಹಾಗೆ ನಡೆಯುವವರಿಗೆ ಇಟ್ಟ ಹೆಸರೇ ಶ್ಲೆಂಕೆರ್ಲಾ. ಈಗ ನಡೆಸುತ್ತಿರುವುದು ಅದೇ ಮನೆತನದ ಆರನೇ ತಲೆಮಾರು.

ಬಂದ ಹೊಸದರಲ್ಲಿ ಜೊತೆಯವರು ಕರೆದುಕೊಂಡು ಹೋದರು. ಕಪ್ಪು ಮರದ ತೊಲೆಗಳು, ತಗ್ಗಾದ ಮಾಡು, ಉದ್ದ ಮೇಜುಗಳು. ಇಲ್ಲಿ ಗುರುತಿಲ್ಲದವರ ಮೇಜಿನಲ್ಲೂ ಜಾಗ ಇದ್ದರೆ ಕೇಳಿ ಕೂರಬಹುದು. ಮರದ ಪೀಪಾಯಿಯಿಂದ ನೇರವಾಗಿ ಲೋಟಕ್ಕೆ ಬಗ್ಗಿಸಿ ಕೊಟ್ಟರು. ಅರ್ಧ ಲೀಟರ್. ಅಡಿಕೆ ಬೇಯಿಸಿದ ಚೊಗರಿನ ಹಾಗೆ ಕೆಂಪುಗಪ್ಪು ಬಣ್ಣ, ಮೇಲೆ ನೊರೆ. ಲೋಟ ಬಾಯಿಗೆ ಇಡುವ ಮೊದಲೇ ಮೂಗಿಗೆ ಹೊಗೆ ಬಡಿಯಿತು. ಜೊತೆಯವರೆಲ್ಲ ಮುಖ ಹಿಂಡಿದರು. ಒಬ್ಬಳು ಸುಟ್ಟ ಮಾಂಸ ಎಂದಳು. ನನಗೆ ಮಾತ್ರ ಗಂಟಲು ಕಟ್ಟಿತು. ಅಮ್ಮ, ಅದು ನಮ್ಮ ಬಚ್ಚಲ ಒಲೆಯ ವಾಸನೆ. ಮಳೆಗಾಲದಲ್ಲಿ ಒಲೆಯ ಮೇಲಿನ ಹಗ್ಗಕ್ಕೆ ಹರವಿದ ಟವೆಲ್ಲು, ತಲೆ ಒರೆಸಿಕೊಂಡಾಗ ಬರುತ್ತದಲ್ಲ, ಅದೇ. ಪಕ್ಕದಲ್ಲಿದ್ದ ಅಜ್ಜ ನನ್ನನ್ನೇ ನೋಡುತ್ತಿದ್ದರು. ಮೊದಲ ಲೋಟ ಯಾರಿಗೂ ಹಿಡಿಸುವುದಿಲ್ಲ, ಮೂರನೆಯದು ಆದ ಮೇಲೆ ಮಾತಾಡೋಣ ಎಂದರು. ನನಗೆ ಮೂರರವರೆಗೆ ಕಾಯಬೇಕಾಗಲಿಲ್ಲ.

ಹೊಗೆ ಎಲ್ಲಿಂದ ಬರುತ್ತದೆ ಎಂದು ಆಮೇಲೆ ಕೇಳಿ ತಿಳಿದುಕೊಂಡೆ. ಅಕ್ಕನ ಮಗುವಿಗೆ ನೀನು ರಾಗಿ ಮಾಲ್ಟ್ ಮಾಡಿದೆಯಲ್ಲ, ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ? ಇವರು ಬಾರ್ಲಿಯನ್ನೂ ಹಾಗೇ ಮಾಡುತ್ತಾರೆ. ಮೊಳಕೆ ಬಂದ ಕಾಳೇ ಬಿಯರ್‌ಗೆ ಸಿಹಿ ಕೊಡುವುದು. ಆ ಸಿಹಿಯನ್ನು ಯೀಸ್ಟು ತಿಂದು ಬಿಯರ್ ಆಗುತ್ತದೆ. ಆದರೆ ಹಸಿ ಮೊಳಕೆ ಒಣಗಬೇಕಲ್ಲ, ಇಲ್ಲಿ ನಮ್ಮ ಹಾಗೆ ಬಿಸಿಲೆಲ್ಲಿದೆ? ಸೌದೆ ಉರಿಸಿ, ಅದರ ಮೇಲೆ ಕಾಳು ಹರವಿ ಒಣಗಿಸುತ್ತಿದ್ದರು. ಮಳೆ ಬಿಡದ ವರ್ಷ ಅಡಿಕೆಗೆ ನಾವು ಬೆಂಕಿ ಹಾಕಿದೆವಲ್ಲ, ಹಾಗೆ. ಸೌದೆ ಬೆಂಕಿಯಲ್ಲಿ ಒಣಗಿಸಿದ್ದಕ್ಕೆಲ್ಲ ಹೊಗೆ ಹಿಡಿಯುತ್ತಿತ್ತು. ಹಾಗಾಗಿ ಒಂದು ಕಾಲಕ್ಕೆ ಯುರೋಪಿನ ಎಷ್ಟೋ ಬಿಯರ್‌ಗಳಲ್ಲಿ ಹೊಗೆಯ ರುಚಿ ಇತ್ತು. ಅದು ಯಾರೂ ಬೇಕೆಂದು ಸೇರಿಸಿದ್ದಲ್ಲ. ಹೊಗೆ ತಾಗದ ಹಾಗೆ ಬರೀ ಬಿಸಿಗಾಳಿಯಲ್ಲಿ ಒಣಗಿಸುವ ಒಲೆಗಳು ಬಂದವು. ಖರ್ಚು ಕಮ್ಮಿ, ಕೆಲಸ ಸುಲಭ. ಒಬ್ಬೊಬ್ಬರಾಗಿ ಎಲ್ಲರೂ ಸೌದೆ ಬಿಟ್ಟರು.

ಈ ಊರಿನಲ್ಲಿ ಎರಡು ಮನೆಯವರು ಬಿಡಲಿಲ್ಲ. ಒಂದು ಶ್ಲೆಂಕೆರ್ಲಾ. ಇನ್ನೊಂದು ಹೊಳೆಯಾಚೆಯ ಶ್ಪೆಟ್ಸಿಯಾಲ್, 1536ರಿಂದ ಇದೆ. ಅದರ ಬಿಯರ್‌ನಲ್ಲಿ ಹೊಗೆ ಮೆತ್ತಗೆ. ನನಗೆ ಶ್ಲೆಂಕೆರ್ಲಾದೇ ಹೆಚ್ಚು ಇಷ್ಟ. ಇವತ್ತಿಗೂ ಎರಡೂ ಮನೆಯವರು ತಮ್ಮ ಬಾರ್ಲಿಗೆ ತಾವೇ ಬೀಚ್ ಮರದ ಸೌದೆ ಹಾಕಿ ಹೊಗೆ ಕೊಡುತ್ತಾರೆ. ಇದೇ ಊರಲ್ಲಿ 1879ರಿಂದ ನಡೆಯುತ್ತಿರುವ ವೈಯರ್‌ಮನ್ ಎಂಬ ಮಾಲ್ಟ್ ಕಾರ್ಖಾನೆ ಇದೆ, ದೇಶ ವಿದೇಶದ ಸಣ್ಣ ಬ್ರೂವರಿಗಳಿಗೆಲ್ಲ ಕಾಳು ಕಳಿಸುತ್ತದೆ. ಅಲ್ಲಿಂದ ಮೂಟೆ ತರಿಸಿಕೊಂಡರೆ ಕೆಲಸ ಮುಗಿಯುತ್ತದೆ. ಆದರೂ ಇವರು ಒಲೆ ಆರಿಸಿಲ್ಲ.

ಅಪ್ಪ, ಇದು ನಿಮಗೆ. ಶ್ಲೆಂಕೆರ್ಲಾದವರ ದಿನನಿತ್ಯದ ಬಿಯರ್‌ಗೆ ಮೆರ್ಟ್ಸೆನ್ ಎಂದು ಹೆಸರು, ಶೇ. 5.1 ಆಲ್ಕೋಹಾಲ್. ಈಗ ಚಳಿಗಾಲಕ್ಕೆ ಊರ್‌ಬಾಕ್ ಎಂಬುದು ಬಂದಿದೆ, ಶೇ. 6.5. ಗುಡ್ಡದೊಳಗಿನ ಕಲ್ಲಿನ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಇಟ್ಟು ಮಾಗಿಸಿದ್ದು. ಕ್ರಿಸ್‌ಮಸ್ ಹೊತ್ತಿಗೆ ಬರುವುದು ಐಖೆ. ಅದಕ್ಕೆ ಬೀಚ್ ಅಲ್ಲ, ಓಕ್ ಮರದ ಹೊಗೆ. ಶೇ. 8, ಗಟ್ಟಿ. ಹೋದ ವರ್ಷ ಅರ್ಧ ಲೋಟ ಕುಡಿದೆ. ಮರ ಬದಲಾದರೆ ರುಚಿ ಎಷ್ಟು ಬದಲಾಗುತ್ತದೆ ಎಂದು ಆವತ್ತು ಗೊತ್ತಾಯಿತು. ಓಕಿನ ಹೊಗೆ ಮೆದು, ಮೂಗಿಗೆ ಚುಚ್ಚುವುದಿಲ್ಲ. ಅಂಗಳದಲ್ಲಿ ನಿಂತು ವಾಸನೆ ಹಿಡಿದೇ, ಒಲೆಗೆ ಹಾಕಿದ್ದು ಹಲಸೋ ಮತ್ತಿಯೋ ಅಂತ ಹೇಳುತ್ತಿದ್ದಿರಿ ನೀವು. ಅದೇ ನೆನಪಾಯಿತು.

ಅವರದೇ ಇನ್ನೊಂದು ತಿಳಿ ಬಣ್ಣದ ಬಿಯರ್ ಇದೆ, ಹೆಲೆಸ್. ಅದಕ್ಕೆ ಹೊಗೆಯ ಕಾಳು ಹಾಕುವುದೇ ಇಲ್ಲ. ಆದರೂ ಕುಡಿದರೆ ಎಲ್ಲೋ ಹಿಂದೆ ಸಣ್ಣಗೆ ಹೊಗೆ! ಅದೇ ಪಾತ್ರೆಯಲ್ಲಿ ಬೇಯಿಸುವುದು, ಅದೇ ಯೀಸ್ಟು. ನಮ್ಮ ಹಂಡೆಯ ನೀರಿನ ಹಾಗೆ ಅಲ್ವಾ? ಮುಚ್ಚಳ ಹಾಕಿದ್ದರೂ ನೀರಿಗೆ ಹೊಗೆಯ ವಾಸನೆ ಇದ್ದೇ ಇರುತ್ತದೆ.

ಈಗ ಒಲೆಯ ಮಾತಿಗೆ ಬರುತ್ತೇನೆ. ಅಮ್ಮ, ಮಳೆಗಾಲದಲ್ಲಿ ಹಸಿ ಸೌದೆ ಊದಿ ಕಣ್ಣು ಕೆಂಪು ಮಾಡಿಕೊಳ್ಳುವವಳು ನೀನು. ನಾನು ಇಲ್ಲಿ ಗೀಸರ್ ಕೆಳಗೆ ನಿಂತುಕೊಂಡು, ಒಲೆ ಉಳಿಸಿ ಎಂದು ಸುಮ್ನೆ ಹೇಳಿದರೆ ತಪ್ಪಾಗುತ್ತದೆ. ಸೋಲಾರ್ ಹಾಕಿಸಿ. ಖಂಡಿತ ಹಾಕಿಸಿ. ದಿನದ ಸ್ನಾನಕ್ಕೆ ಅದೇ ಇರಲಿ. ಆದರೆ ಒಲೆ, ಹಂಡೆ ಇದ್ದ ಜಾಗದಲ್ಲೇ ಇರಲಿ. ನಾನು ಏಪ್ರಿಲ್‌ನಲ್ಲಿ ಬರುತ್ತೇನೆ. ಇದ್ದಷ್ಟು ದಿನ ನಾನೇ ಬೇಗ ಎದ್ದು ಬೆಂಕಿ ಹಾಕುತ್ತೇನೆ, ನೀನು ಹೊತ್ತಾಗಿ ಏಳು. ದೀಪಾವಳಿಗೆ ನೀರು ತುಂಬುವ ಹಬ್ಬಕ್ಕಾದರೂ ಆ ಹಂಡೆ ಬೇಕಲ್ಲ.

ಅಪ್ಪನಿಗೆ ಎರಡು ಬಾಟಲಿ ತರುತ್ತೇನೆ, ಒಂದು ಬೀಚ್, ಒಂದು ಓಕ್. ಯಾವುದು ಯಾವುದೆಂದು ನಾನು ಹೇಳುವುದಿಲ್ಲ. ಮೂಸಿ ನೋಡಿ ನೀವೇ ಹೇಳಬೇಕು.

ಅಣ್ಣನಿಗೆ ಈ ಪತ್ರ ಓದಲು ಕೊಡಿ. ಅವನಿಗೆ ಸಿಟ್ಟು ಬಂದರೆ ನನಗೇ ಫೋನ್ ಮಾಡಲಿ. ಅಕ್ಕನ ಮಗುವಿಗೆ ಮುತ್ತು. ಅಮ್ಮ, ಮಂಡಿ ನೋವಿಗೆ ಎಣ್ಣೆ ಹಚ್ಚೋದು ಬಿಡಬೇಡ.

ನಿಮ್ಮ ಪ್ರೀತಿಯ ಮಗಳು